ಆಸಾಡಿಗೆ ಬರಬೇಕಿದ್ದ ಹುಡುಗಿ

ನಾನು ಕಾದಂಬರಿ ಬರೆಯುವುದು ಊಟದ ಮೇಜಿನ ಮೇಲೆ. ಇದನ್ನು ಕೇಳಿದವರು ನನ್ನದು ಸರಳ ಜೀವನ ಎಂದುಕೊಳ್ಳುತ್ತಾರೆ. ಸರಳವೂ ಇಲ್ಲ, ಮಣ್ಣೂ ಇಲ್ಲ. ಬರೆಯುವುದಕ್ಕೆಂದೇ ಒಂದು ಕೋಣೆ ಇತ್ತು. ಈಗ ಅದರಲ್ಲಿ ತೆಂಗಿನಕಾಯಿ ರಾಶಿ, ನಮ್ಮವರ ಅಂಗಡಿಯಿಂದ ಬಂದ ಕೆಟ್ಟ ಪಂಪುಗಳು, ಮಳೆಗೆ ನೆನೆಯದಿರಲೆಂದು ತಂದಿಟ್ಟ ಸೌದೆ, ಎಲ್ಲ ಇವೆ. ಜಾಗ ಇಲ್ಲದ್ದು ನನಗೆ ಮಾತ್ರ. ಆದರೆ ಈ ಊಟದ ಮೇಜಿಗೆ ಒಂದು ಅನುಕೂಲವಿದೆ. ಇಲ್ಲಿ ಕೂತರೆ ಒಲೆಯೂ ಕಾಣುತ್ತದೆ, ಜಗಲಿಯ ಬಾಗಿಲೂ ಕಾಣುತ್ತದೆ. ಹಾಲು ಉಕ್ಕಬಾರದು, ಅತ್ತೆ ಬಾಗಿಲು ದಾಟಬಾರದು. ಈ ಎರಡರ ನಡುವೆ ಎಷ್ಟು ಸಾಲು ಬರೆಯಲಾಗುತ್ತದೋ ಅಷ್ಟೇ ನನ್ನ ಸಾಹಿತ್ಯ.

ತಲ್ಲೂರಿನಲ್ಲಿ ನಮ್ಮ ಮನೆ ಇರುವುದು ಹೈವೇಯಿಂದ ಒಳಗೆ ಒಂದು ಕೂಗಳತೆಯಲ್ಲಿ. ನಮ್ಮವರದು ಕುಂದಾಪುರದಲ್ಲಿ ಪಂಪ್ ರಿಪೇರಿ ಅಂಗಡಿ. ಬೆಳಿಗ್ಗೆ ಹೋದರೆ ಕತ್ತಲೆಗೆ ಬರುತ್ತಾರೆ. ಮನೆಯಲ್ಲಿ ಉಳಿಯುವವರು ನಾನು ಮತ್ತು ಅತ್ತೆ. ಮನೆಯಲ್ಲಿ ಕೂತು ಬರೆಯುವ ಹೆಂಗಸಿನ ಬಗ್ಗೆ ನಮ್ಮೂರಿಗೆ ಇರುವುದು ಒಂದೇ ಅಭಿಪ್ರಾಯ, ಅವಳು ಖಾಲಿ ಕೂತಿದ್ದಾಳೆ. ಪಕ್ಕದ ಮನೆಯವರು ಪೇಟೆಗೆ ಹೋಗುವಾಗ ಬೀಗದ ಕೈ ಕೊಡುವುದು ನನ್ನ ಹತ್ತಿರ. ಎದುರು ಮನೆಯ ಕೊರಿಯರ್ ಇಸಿದುಕೊಳ್ಳುವವಳು ನಾನು. ಯಾರದ್ದೋ ಗ್ಯಾಸ್ ಸಿಲಿಂಡರ್ ನಮ್ಮ ಗೇಟಿನ ಒಳಗೆ ಇಳಿಯುತ್ತದೆ. “ನೀವ್ ಹ್ಯಾಂಗೂ ಮನಿಯಂಗೇ ಇರ್ತ್ರಿ ಅಲ್ದಾ,” ಎನ್ನುತ್ತಾರೆ. ಹೌದಪ್ಪ, ಇರುತ್ತೇನೆ. ಕೋಳಿಯೂ ಮನೆಯಲ್ಲೇ ಇರುತ್ತದೆ, ಅದು ಮೊಟ್ಟೆ ಇಡುವಾಗ ಯಾರೂ ಹೋಗಿ ಬೀಗದ ಕೈ ಕೊಡುವುದಿಲ್ಲ. ಪಕ್ಕದ ಮನೆಯವಳು ಬೇಲಿಯ ಆಚೆಯಿಂದ ದಿನಾ ಕೇಳುತ್ತಾಳೆ, “ಬರೂದ್ ಮುಗಿತಾ?” ಬಟ್ಟೆ ಒಗೆಯುವುದು ಮುಗಿಯಿತಾ ಎಂದು ಕೇಳುವ ಧಾಟಿಯಲ್ಲೇ ಕೇಳುತ್ತಾಳೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ನಾನೂ ಬಟ್ಟೆಯ ಧಾಟಿಯಲ್ಲೇ “ಇನ್ನೂ ಸ್ವಲ್ಪ ಇದೆ” ಎನ್ನುತ್ತೇನೆ.

ಅತ್ತೆಯ ವಿಷಯ ಹೇಳಬೇಕು. ಅವರ ತವರು ಬಾರ್ಕೂರು. ನಾನು ಈ ಮನೆಗೆ ಬಂದಾಗ ಅವರ ಬಾಯಿಗೆ ಊರೇ ಹೆದರುತ್ತಿತ್ತು. ಮೀನಿನವಳಿಂದ ಹಿಡಿದು ಬ್ಯಾಂಕಿನವರವರೆಗೆ ಯಾರನ್ನೂ ಬಿಟ್ಟವರಲ್ಲ, ನನ್ನನ್ನಂತೂ ಮೊದಲೇ ಇಲ್ಲ. ಆದರೆ ನನ್ನ ಮೊದಲ ಕಥೆ ಪತ್ರಿಕೆಯಲ್ಲಿ ಬಂದ ದಿನ, ಅದನ್ನು ಎರಡು ಸಲ ಓದಿ, “ಸುಳ್ಳ್ ಹೇಳುಕ್ ಲಾಯ್ಕ್ ಕಲ್ತಿದೆ,” ಎಂದಿದ್ದರು. ಅದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಇದುವರೆಗೆ ಸಿಕ್ಕಿಲ್ಲ. ಈಗ ಕೆಲವು ವರ್ಷಗಳಿಂದ ಅವರಿಗೆ ಮರೆವು. ಸಾಮಾನ್ಯ ಮರೆವಲ್ಲ. ಉಂಡದ್ದು ಮರೆಯುತ್ತದೆ, ಮಗನನ್ನು ಕೆಲವೊಮ್ಮೆ ಅಣ್ಣ ಎಂದು ಕರೆಯುತ್ತಾರೆ. ಬ್ರಹ್ಮಾವರದ ಡಾಕ್ಟರರು ಔಷಧಿ ಬರೆದುಕೊಟ್ಟು, ಇದರಿಂದ ಹೆಚ್ಚೇನೂ ಆಗದು, ಅವರಿಗೆ ಗಾಬರಿಯಾಗದ ಹಾಗೆ ನೋಡಿಕೊಳ್ಳಿ ಎಂದರು. ಗಾಬರಿ ಅವರಿಗಲ್ಲ, ನಮಗೆ. ನಾನು ಒಂದು ಪ್ಯಾರಾ ಮುಗಿಸಿ ತಲೆ ಎತ್ತುವಷ್ಟರಲ್ಲಿ ಜಗಲಿ ಖಾಲಿ ಇರುತ್ತಿತ್ತು. ಓಡಿ ಹೋಗಿ ನೋಡಿದರೆ ಹೈವೇಯ ಅಂಚಿನಲ್ಲಿ ನಿಂತು, ಬರುವ ಬಸ್ಸುಗಳಿಗೆಲ್ಲ ಕೈ ಅಡ್ಡ ಹಿಡಿಯುತ್ತಿರುತ್ತಿದ್ದರು. “ಬಾರ್ಕೂರಿಗೆ ಹೋಯ್ಕ್,” ಎನ್ನುತ್ತಿದ್ದರು. ಒಂದೊಂದು ಲಾರಿ ಹಾರ್ನ್ ಬಾರಿಸಿಕೊಂಡು ಅವರ ಮೈಗೆ ತಾಗುವ ಹಾಗೆ ಹೋಗುತ್ತಿತ್ತು.

ಅವರನ್ನು ಕೂರಿಸುವ ಉಪಾಯ ಸಿಕ್ಕಿದ್ದು ಆಕಸ್ಮಿಕವಾಗಿ. ಸಂಭಾಷಣೆ ಬರೆಯುವಾಗ ನನಗೆ ಗಟ್ಟಿಯಾಗಿ ಹೇಳಿಕೊಂಡು ನೋಡುವ ಅಭ್ಯಾಸವಿದೆ. ನಾಲಿಗೆಗೆ ಒಗ್ಗದ್ದು ಕಾಗದಕ್ಕೂ ಒಗ್ಗುವುದಿಲ್ಲ ಎಂದು ನನ್ನ ನಂಬಿಕೆ. ಹಾಗೆ ಒಂದು ದಿನ ಎರಡು ಪಾತ್ರಗಳ ಜಗಳವನ್ನು ಒಬ್ಬಳೇ ಆಡುತ್ತಿದ್ದಾಗ ಅತ್ತೆ ಬಂದು ಎದುರಿನ ಕುರ್ಚಿ ಎಳೆದು ಕೂತರು. ನಾನು ನಿಲ್ಲಿಸಿದೆ. “ಮುಂದ್ ಎಂತ ಆಯ್ತ್?” ಎಂದರು. ಓದಿದೆ. ಅರ್ಧ ಅಧ್ಯಾಯ ಓದಿದರೂ ಕದಲಲಿಲ್ಲ. ಅಂದಿನಿಂದ ಅದೇ ಕ್ರಮವಾಯಿತು. ಬೆಳಿಗ್ಗೆ ಸಾಧ್ಯವಾದಷ್ಟು ಬರೆಯುವುದು, ಮಧ್ಯಾಹ್ನ ಬರೆದದ್ದನ್ನು ಅವರಿಗೆ ಓದಿ ಹೇಳುವುದು. ನನಗೋ ಖುಷಿಯೇ ಖುಷಿ. ಇಷ್ಟು ಗಮನ ಕೊಟ್ಟು ಕೇಳುವವರು ನನಗೆ ಯಾವ ಸಭೆಯಲ್ಲೂ ಸಿಕ್ಕಿರಲಿಲ್ಲ.

ಆಗ ನಾನು ಬರೆಯುತ್ತಿದ್ದ ಕಾದಂಬರಿ ಒಬ್ಬ ಹುಡುಗಿಯದು. ಬಾರ್ಕೂರಿನಿಂದ ಬೈಂದೂರಿಗೆ ಮದುವೆಯಾಗಿ ಹೋದವಳು. ನಮ್ಮ ಕಡೆ ಮದುವೆಯಾದ ವರ್ಷ ಆಸಾಡಿಗೆ, ಎಂದರೆ ಆಷಾಢ ತಿಂಗಳಿಗೆ, ಹೆಣ್ಣನ್ನು ತವರಿಗೆ ಕರೆತರುತ್ತಾರೆ. ಅವಳಾಗಿ ಬರುವ ಹಾಗಿಲ್ಲ. ತವರಿನವರು ಯಾರಾದರೂ ಹೋಗಿ, ಗಂಡನ ಮನೆಯವರ ಎದುರು ಕೂತು, ಕಳಿಸಿಕೊಡಿ ಎಂದು ಕೇಳಿ ಕರೆದುಕೊಂಡು ಬರಬೇಕು. ನನ್ನ ಕಾದಂಬರಿಯ ಹುಡುಗಿಗೆ ಇಬ್ಬರು ಅಣ್ಣಂದಿರು. ಗದ್ದೆಯ ವಿಷಯಕ್ಕೆ ಮಾತು ಬಿಟ್ಟವರು. ಇವನು ಹೋಗುತ್ತಾನೆ ಎಂದು ಅವನು, ಅವನು ಹೋಗಿರುತ್ತಾನೆ ಎಂದು ಇವನು, ಕೊನೆಗೆ ಇಬ್ಬರೂ ಹೋಗುವುದಿಲ್ಲ. ಹುಡುಗಿ ಬಟ್ಟೆ ಮಡಚಿಟ್ಟುಕೊಂಡು ಆ ತಿಂಗಳಿಡೀ ಕಾಯುತ್ತಾಳೆ. ಯಾರೂ ಬರುವುದಿಲ್ಲ. ಕಾದಂಬರಿ ನಿಂತದ್ದೇ ಅದರ ಮೇಲೆ.

ನಾನು ಮಾಡಿದ ಎಡವಟ್ಟು ಏನೆಂದರೆ, ಆ ಹುಡುಗಿಯ ತವರುಮನೆಯನ್ನು ಅತ್ತೆಯ ಬಾಯಿಂದ ಎತ್ತಿಕೊಂಡದ್ದು. ಕೆರೆಯ ಬದಿಯ ಹಲಸಿನ ಮರ, ಬಿರುಕು ಬಿಟ್ಟ ತುಳಸಿಕಟ್ಟೆ, ಒಂದು ಮೆಟ್ಟಿಲು ಮುರಿದ ಅಟ್ಟದ ಏಣಿ, ಎಲ್ಲ ಅವರು ಹಿಂದೆ ಹೇಳಿದ್ದೇ. ಕಾದಂಬರಿಕಾರರು ಮಾಡುವುದೇ ಇದನ್ನು. ಬೇರೆಯವರ ಮನೆ ಕದ್ದು ಅದರಲ್ಲಿ ನಮ್ಮ ಜನರನ್ನು ಕೂರಿಸುತ್ತೇವೆ, ಆಮೇಲೆ ಅದಕ್ಕೆ ಕಲೆ ಎಂದು ಹೆಸರಿಡುತ್ತೇವೆ. ಏಣಿಯ ಪ್ಯಾರಾ ಓದುತ್ತಿದ್ದಂತೆ ಅತ್ತೆಯ ಮುಖ ಬೆಳಗಿತು. “ಅದ್ ನಮ್ಮನಿ ಅಲ್ದಾ?” ಎಂದರು. ಹೌದು ಎಂದೆ. ನನಗೆ ಹೆಮ್ಮೆ ಬೇರೆ. ಅವರು, “ಹಾಂಗಾರೆ ಆ ಹೆಣ್ಣ್ ನಮ್ದೇ,” ಎಂದರು. ಅದಕ್ಕೂ ನಾನು ಪೆದ್ದಿಯ ಹಾಗೆ ತಲೆಯಾಡಿಸಿದೆ.

ಅಷ್ಟರಲ್ಲಿ ನಿಜವಾದ ಆಸಾಡಿಯೇ ಬಂತು. ಹೊರಗೆ ಮಳೆ ಹೊಯ್ಯುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಜಗಲಿಯಲ್ಲಿ ಕೂತವರು ಕೇಳಿದರು, “ಹೆಣೇ, ಹೆಣ್ಣಿನ್ ಕರೂಕೆ ಯಾರ್ ಹೋಯಿದ್ರ್?”

ಯಾವ ಹೆಣ್ಣು ಎಂದು ಕೇಳಿದೆ. ಕೇಳಬಾರದಿತ್ತು.

“ಬೈಂದೂರಿಗೆ ಕೊಟ್ಟದ್ದ್. ಆಸಾಡಿ ಬಂದಾಯ್ತ್, ಇನ್ನೂ ಕರ್ಕಂಡ್ ಬರ್ಲಿಲ್ಲೆ. ಪಾಪ, ಬಾಗಿಲ್ ಕಾಯ್ತಾ ಕೂತಿರ್ತ್.”

ಅದು ಕಥೆ ಅತ್ತೆ, ನಾನು ಬರೆದದ್ದು ಎಂದೆ. ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅವರು ಗಟ್ಟಿಮುಟ್ಟಾಗಿದ್ದಾಗಲೂ ಹಾಗೆ ನೋಡಿದವರಲ್ಲ. “ಮನಿ ಹೆಣ್ಣಿನ್ ಕಥಿ ಅಂತ್ಯಲೆ! ನಾಚ್ಕಿ ಆತಿಲ್ಯಾ ನಿಂಗೆ?” ಎಂದರು. ಆ ಮಧ್ಯಾಹ್ನ ಬಟ್ಟಲು ದೂಡಿದರು. “ಹೆಣ್ಣ್ ಬರ್ಲಿ. ಒಟ್ಟಿಗೆ ಉಂಬ.”

ಮೊದಲ ದಿನ ಹಟ ಎಂದುಕೊಂಡೆ. ಎಲ್ಲ ಮರೆಯುವವರು ಇದನ್ನೂ ಮರೆಯುತ್ತಾರೆ ಎಂದು ನಮ್ಮವರು ಸಮಾಧಾನ ಹೇಳಿದರು. ಎಲ್ಲ ಮರೆತರು, ಇದೊಂದನ್ನು ಬಿಟ್ಟು. ಗಂಜಿ ತಂದಿಟ್ಟರೆ ಬಾಗಿಲು ನೋಡುತ್ತಿದ್ದರು. ಗದರಿದರೆ ಒಂದೆರಡು ಚಮಚ ನುಂಗಿ ಬಾಯಿ ಬಿಗಿಯುತ್ತಿದ್ದರು. ಅವರಿಗೆ ಪ್ರಾಣವಾದ ಕೆಸುವಿನೆಲೆಯ ಪತ್ರೊಡೆ ಮಾಡಿದೆ. ಒಂದು ತುಂಡು ಕೈಗೆತ್ತಿಕೊಂಡು, ಬಾಳೆಲೆಯಲ್ಲಿ ಸುತ್ತಿ, ಹುಡುಗಿಗೆಂದು ದಿಂಬಿನ ಅಡಿಯಲ್ಲಿಟ್ಟರು. ವಾರ ಕಳೆಯುವುದರೊಳಗೆ ಕೈಯ ಬಳೆ ಮೊಣಕೈಯವರೆಗೆ ಜಾರತೊಡಗಿತು. ಡಾಕ್ಟರರಿಗೆ ಫೋನ್ ಮಾಡಿದರೆ, ಹೇಗಾದರೂ ಮಾಡಿ ತಿನ್ನಿಸಿ, ಇಲ್ಲವಾದರೆ ಕರೆದುಕೊಂಡು ಬನ್ನಿ, ಡ್ರಿಪ್ ಹಾಕಬೇಕಾಗುತ್ತದೆ ಎಂದರು. ಹಿಂದೆ ಒಮ್ಮೆ ಡ್ರಿಪ್ ಹಾಕಿದಾಗ ಅವರು ಸೂಜಿ ಕಿತ್ತೆಸೆದು, ಕೊನೆಗೆ ಕೈಯನ್ನು ಮಂಚಕ್ಕೆ ಕಟ್ಟಬೇಕಾಗಿ ಬಂದಿತ್ತು. ರಾತ್ರಿಯಿಡೀ ಮಗನ ಹೆಸರು ಕೂಗಿದ್ದರು, ಮಗ ಪಕ್ಕದಲ್ಲೇ ನಿಂತಿದ್ದರೂ. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ.

ನಮ್ಮವರು ಒಂದು ಉಪಾಯ ಹೂಡಿದರು. “ಅಮ್ಮ, ನಾ ಹೋಯಿ ಕರ್ಕಂಡ್ ಬತ್ತೆ,” ಎಂದು ಗಟ್ಟಿಯಾಗಿ ಹೇಳಿ, ಬಾಳೆಹಣ್ಣಿನ ಚೀಲ ಹಿಡಿದು, ರೈನ್‌ಕೋಟ್ ಹಾಕಿಕೊಂಡು ಸ್ಕೂಟರ್ ಹತ್ತಿದರು. ಬೈಂದೂರಿಗೆ ಹೋಗಿ ಯಾರನ್ನು ಕೇಳುವುದು! ಮನುಷ್ಯ ಕೋಡಿಯ ಕಡಲತೀರಕ್ಕೆ ಹೋಗಿ, ಚಾದಂಗಡಿಯಲ್ಲಿ ಕೂತು, ಸಮುದ್ರ ಏರಿ ಬರುವುದನ್ನು ನೋಡುತ್ತ ಹೊತ್ತು ಕಳೆದು ವಾಪಸು ಬಂದರು. ಹುಡುಗಿಯ ಗಂಡನ ಮನೆಯವರು ಕಳಿಸಲಿಲ್ಲ ಎಂದು ಹೇಳಿದರೆ ಅತ್ತೆ ಸುಮ್ಮನಾಗುತ್ತಾರೆ ಎಂಬುದು ಅವರ ಲೆಕ್ಕ.

“ಎಂತ ತಕಂಡ್ ಹೋಯಿದ್ದೆ?” ಅತ್ತೆ ಕೇಳಿದರು.

“ಬಾಳಿಹಣ್ಣ್.”

“ಹೊಸ ಹೆಣ್ಣಿನ್ ಕರೂಕ್ ಹೋಪತಿಗೆ ಬರೀ ಬಾಳಿಹಣ್ಣಾ? ಮತ್ತ್ ಹ್ಯಾಂಗ್ ಕಳ್ಸ್ತ್ರ್? ಮರ್ಯಾದಿ ತೆಗ್ದೆ ನಮ್ದ್!”

ಅರವತ್ತು ಹತ್ತಿರವಾದ ಗಂಡಸು ತಾಯಿಯ ಎದುರು ತಲೆ ತಗ್ಗಿಸಿ ನಿಂತರು. ಆ ಬಾಳೆಹಣ್ಣು ಸ್ಕೂಟರಿನ ಸೀಟಿನ ಅಡಿಯಲ್ಲೇ ಇತ್ತು. ಅತ್ತೆ ಮಲಗಿದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡು ಕಳ್ಳರ ಹಾಗೆ ತಿಂದೆವು. ನನಗೆ ನಗುವೂ ಬಂತು, ಅದರ ಹಿಂದೆಯೇ ಅಳುವೂ ಬಂತು.

ಇದೇ ಹೊತ್ತಿಗೆ ಪ್ರಕಾಶಕರ ಫೋನು. ಕೊನೆಯ ಅಧ್ಯಾಯ ಎಲ್ಲಿಗೆ ಬಂತು ಮೇಡಂ ಎಂದು. ನನ್ನ ತಲೆ ಯಾವ ಸ್ಥಿತಿಯಲ್ಲಿತ್ತೆಂದರೆ, ಹುಡುಗಿ ತವರಿಗೆ ಬಂದುಬಿಟ್ಟರೆ ಹೇಗೆ ಎಂದು ಅವರನ್ನೇ ಕೇಳಿದೆ. “ಬಂದರೆ ಕಾದಂಬರಿ ಎಲ್ಲಿ ಉಳಿಯಿತು ಮೇಡಂ?” ಎಂದರು. ಸರಿಯಾಗಿಯೇ ಹೇಳಿದರು. ಅದಕ್ಕೇ ಸಿಟ್ಟು ಬಂತು. ಪುಸ್ತಕದಲ್ಲಿ ಒಬ್ಬ ಹುಡುಗಿ ಕಾಯಬೇಕು, ಇಲ್ಲವಾದರೆ ಪುಸ್ತಕ ಸುಳ್ಳಾಗುತ್ತದೆ. ಅವಳು ಅಲ್ಲಿ ಕಾದಷ್ಟು ದಿನ ಇಲ್ಲಿ ಒಬ್ಬ ಮುದುಕಿ ಅನ್ನ ಮುಟ್ಟುವುದಿಲ್ಲ. ಯಾರಿಗೆ ಹೇಳಿಕೊಳ್ಳಲಿ ಇದನ್ನು? ಪಕ್ಕದ ಮನೆಯವಳಿಗೆ ಹೇಳಿದೆ. “ಅಷ್ಟೇಯಾ? ಬಂತ್ ಅಂತ ಬರ್ದ್ ಬಿಡಿ,” ಎಂದಳು.

ಬರೆದುಬಿಟ್ಟೆ. ಪುಸ್ತಕಕ್ಕಲ್ಲ, ಅತ್ತೆಗೆ ಮಾತ್ರ. ಒಂದು ಬೆಳಿಗ್ಗೆ ಕೂತು, ಇಬ್ಬರು ಅಣ್ಣಂದಿರಲ್ಲಿ ಚಿಕ್ಕವನನ್ನು ಹೊರಡಿಸಿದೆ. ಅವನ ಕೈಗೆ ಹಲಸಿನ ಹಣ್ಣು, ಹಪ್ಪಳ, ಹೊಸ ಸೀರೆ, ಎಲ್ಲ ಕೊಟ್ಟೆ. ಮರ್ಯಾದೆಗೆ ಕಡಿಮೆಯಾಗಬಾರದಲ್ಲ. ಬೈಂದೂರಿನವರು ನಗುತ್ತಲೇ ಕಳಿಸಿದರು. ಅಣ್ಣ ತಂಗಿ ಒಂದೇ ಕೊಡೆಯಲ್ಲಿ ನಡೆದು ಬಂದರು. ನಾಚಿಕೆಯ ವಿಷಯವೆಂದರೆ, ಆ ಸುಳ್ಳು ಪುಟಗಳು ಒಂದು ಸಲವೂ ತಡೆಯದೆ ಬಂದವು. ನಿಜವಾದ ಅಧ್ಯಾಯಕ್ಕೆ ತಿಂಗಳುಗಟ್ಟಲೆ ಒದ್ದಾಡಿದವಳು ನಾನು.

ಮಧ್ಯಾಹ್ನ ಓದಿದೆ. ಅತ್ತೆ ಕುರ್ಚಿ ಮುಂದೆ ಎಳೆದುಕೊಂಡು ಕೇಳಿದರು. ಹುಡುಗಿ ತುಳಸಿಕಟ್ಟೆ ದಾಟಿ ಅಂಗಳಕ್ಕೆ ಕಾಲಿಟ್ಟಳು ಎನ್ನುವಲ್ಲಿ ನನ್ನ ಕೈ ಹಿಡಿದುಕೊಂಡರು. “ಬಂತಾ?” ಎಂದರು.

“ಬಂತು ಅತ್ತೆ,” ಎಂದೆ.

“ಎಲ್ಲಿ?”

ಪುಸ್ತಕದಲ್ಲಿ ಒಬ್ಬರು ಬಂದರೆಂದು ಬರೆದರೆ ಬಂದ ಹಾಗೆ. ಮನೆಗೆ ಬರಬೇಕಾದರೆ ಬಾಗಿಲಿನಿಂದಲೇ ಬರಬೇಕು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಅತ್ತೆ ಎದ್ದು ಜಗಲಿ ನೋಡಿದರು, ಅಡುಗೆಮನೆ ನೋಡಿದರು, ಪಂಪುಗಳ ಕೋಣೆಯ ಬಾಗಿಲು ತೆಗೆದು ನೋಡಿದರು. “ಬಂತ್ ಅಂದೆ. ಎಲ್ಲಿತ್ತ್?” ಎಂದು ಮತ್ತೆ ನನ್ನ ಎದುರು ಬಂದು ನಿಂತರು. ಬೇರೆ ದಾರಿ ಇರಲಿಲ್ಲ. ಜಗಲಿಯಲ್ಲಿ ಕೂತಿರಿ, ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಹಿಂದಿನ ಬಾಗಿಲಿನಿಂದ ಇಳಿದೆ. ಒಗೆಯುವ ಕಲ್ಲಿನ ಹತ್ತಿರ ಒಂದು ಕ್ಷಣ ಮಳೆಯಲ್ಲಿ ನಿಂತೆ. ಸೆರಗನ್ನು ತಲೆಗೆ ಎಳೆದುಕೊಂಡು, ಕೊಡೆ ಬಿಚ್ಚಿ, ಕೊಟ್ಟಿಗೆಯ ಬದಿಯಿಂದ ಸುತ್ತು ಹಾಕಿ, ಎದುರಿನ ಮೆಟ್ಟಿಲು ಹತ್ತಿದೆ. ನರೆತ ಕೂದಲು, ಮಂಡಿನೋವು, ಮೂಗಿನ ಮೇಲೆ ಕನ್ನಡಕ. ಹೊಸ ಮದುಮಗಳಂತೆ! ಅತ್ತೆ ನಗುತ್ತಾರೆ, ಅಥವಾ ಬೈಯುತ್ತಾರೆ ಎಂದುಕೊಂಡೆ.

“ಬಾ ಮಗಾ,” ಎಂದರು. “ಎಷ್ಟ್ ಬಡು ಆಯ್ದೆ. ಸಮಾ ಉಂಬುಕ್ ಹಾಕ್ತಿಲ್ಯಾ ಅವ್ರ್?”

ಚೊಂಬಿನಲ್ಲಿದ್ದ ನೀರನ್ನು ಕಾಲಿಗೆ ಕೊಟ್ಟರು. ನನ್ನ ತಲೆಯ ಮೇಲೆ ಕೈಯಿಟ್ಟು, ಸೆರಗಿನಿಂದ ನನ್ನ ಮುಖ ಒರೆಸಿದರು. ನನ್ನ ತವರು ಬ್ರಹ್ಮಾವರ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಯಾವ ತಿಂಗಳಿಗೂ ಯಾರೂ ಕರೆದಿಲ್ಲ, ಈ ವಯಸ್ಸಿಗೆ ಕರೆಯುವವರೂ ಇಲ್ಲ. ಒಳಗಿನ ಕಡೆ ತಿರುಗಿ ಅತ್ತೆ ಕೂಗಿದರು, “ಹ್ವಾಯ್, ಹೆಣ್ಣ್ ಬಂತ್! ಬಟ್ಲ್ ಇಡ್!” ಒಳಗಿನಿಂದ ಯಾರು ಉತ್ತರ ಕೊಡಬೇಕು, ನಾನು ಇಲ್ಲಿ ಜಗಲಿಯಲ್ಲಿದ್ದೆ. “ಬರೂಕ್ ಕೂತಿರ್ತ್. ಕೂತ್ರೆ ಅದಕ್ಕ್ ಲೋಕವೇ ಇಲ್ಲೆ,” ಎಂದು ಸೊಸೆಯ ಬಗ್ಗೆ ನನ್ನ ಹತ್ತಿರವೇ ದೂರಿದರು. ನಾನೇ ಹೋಗಿ ಗಂಜಿ, ಉಪ್ಪಿನಕಾಯಿ ತಂದಿಟ್ಟೆ.

ಉಂಡರು. ನಾನು ಗದರದೆ, ಬೇಡದೆ, ತಾವಾಗಿ ಉಂಡರು. ತಮ್ಮ ಬಟ್ಟಲಿನಿಂದ ನನಗೂ ಎತ್ತಿ ಹಾಕಿದರು. ಹೋಗಲಿ ಕಾದಂಬರಿ, ಹಾಳಾಗಲಿ ಎಂದು ಆ ಹೊತ್ತಿನಲ್ಲಿ ನನಗೆ ನಿಜವಾಗಿಯೂ ಅನಿಸಿತು.

“ಎಷ್ಟ್ ದಿನ ಇರ್ತೆ?” ಅತ್ತೆ ಕೇಳಿದರು.

ತಿಂಗಳಿಡೀ ಎಂದೆ, ಖುಷಿಯಾಗಲಿ ಎಂದು. ಅವರ ಕೈ ಬಟ್ಟಲಿನಲ್ಲೇ ನಿಂತಿತು.

“ತಿಂಗ್ಳಿಡೀಯಾ? ಅಲ್ಲಿ ನಿನ್ನ್ ಅತ್ತಿ ಇದ್ರಲೆ? ಪ್ರಾಯ ಆದ್ರ್. ಅವ್ರಿಗ್ ಅನ್ನ ಕಲ್ಸಿ ಕೊಡುಕ್ ಯಾರಿದ್ರ್?”

ಇದ್ದಾರೆ, ಯಾರೋ ಇದ್ದಾರೆ ಎಂದೆ.

“ಯಾರೋ ಅಂದ್ರೆ? ಹಾಂಗೆಲ್ಲ ಬಿಟ್ಟ್ ಬಪ್ಪುಕಾಗ. ಉಂಡದ್ದೇ ಹೊರಡ್ ಮಗಾ. ಬೆಳ್ಕ್ ಇಪ್ಪತಿಗೇ ಬೈಂದೂರ್ ಮುಟ್ಕ್.” ಎದ್ದು ಕೊಡೆಯನ್ನು ಅವರೇ ನನ್ನ ಕೈಗೆ ಕೊಟ್ಟರು. ದಿಂಬಿನ ಅಡಿಯಿಂದ ಬಾಳೆಲೆಯ ಪೊಟ್ಟಣವನ್ನೂ ತಂದು, “ಅತ್ತಿಗ್ ಕೊಡ್,” ಎಂದರು. ಪತ್ರೊಡೆ ಯಾವತ್ತೋ ಹಳಸಿತ್ತು. ಸೆರಗಿನಲ್ಲಿ ಕಟ್ಟಿಕೊಂಡೆ. ಅವರು ಜಗಲಿಯ ಕಂಬ ಹಿಡಿದು ನಿಂತು, ನಾನು ಗೇಟು ದಾಟುವವರೆಗೂ ನೋಡುತ್ತಿದ್ದರು. ದಾಟದೆ ಉಪಾಯವಿರಲಿಲ್ಲ. ಬೇಲಿಯ ಆಚೆಯಿಂದ ಪಕ್ಕದ ಮನೆಯವಳು, “ಎಲ್ಲಿಗ್ ಹೊರ್ಟದ್ದ್ ಈ ಮಳಿಯಂಗೆ?” ಎಂದು ಕೇಳಿದಳು. ಬೈಂದೂರಿಗೆ ಎಂದೆ. ಅವಳು ಇನ್ನೇನೋ ಕೇಳುವ ಮೊದಲು ತೋಟದ ಕಡೆಯಿಂದ ಸುತ್ತಿಕೊಂಡು ಬಂದು, ಅಡುಗೆಮನೆಯ ಬಾಗಿಲಿನಿಂದ ನನ್ನ ಮನೆಯ ಒಳಗೆ ಬಂದೆ.

ಅತ್ತೆ ಊಟದ ಮೇಜಿನ ಹತ್ತಿರ ಕೂತಿದ್ದರು. ಹೊಟ್ಟೆ ತುಂಬಿದ ಮುಖ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಲ್ ಹೋಯಿದ್ದೆ ನೀನ್? ಹೆಣ್ಣ್ ಬಂದ್ ಉಂಡ್ಕಂಡ್ ಹೋಯ್ತ್. ಒಂದ್ ಮಾತಾಡುಕ್ ನಿಂಗ್ ಪುರ್ಸೊತ್ತಿಲ್ಲೆ,” ಎಂದರು.

ತಪ್ಪಾಯಿತು ಅತ್ತೆ ಎಂದೆ.

“ನಾಳಿಗೂ ಬಪ್ಪುಕ್ ಹೇಳ್ ಅದಕ್ಕ್. ಒಬ್ಳೇ ಬಪ್ಪುದ್ ಬ್ಯಾಡ, ಅತ್ತಿನೂ ಕರ್ಕಂಡ್ ಬರ್ಲಿ. ಪಾಪ, ಆ ಮುದ್ಕಿ ಬಾಗಿಲ್ ಕಾಯ್ತಾ ಕೂತಿರ್ತ್. ಅವ್ರ್ ಬಂದ್ ಮೇಲೇ ನಾ ಉಂಬುದ್.”

ಆಯಿತು ಎಂದು ಬಟ್ಟಲು ಎತ್ತಿಕೊಂಡೆ. ಹುಡುಗಿಯನ್ನಾದರೆ ಹೇಗೋ ತಂದೆ. ನಾಳೆ ಆ ಅತ್ತೆಯನ್ನು ಎಲ್ಲಿಂದ ತರಲಿ?